ಅಭ್ಯಾಸದಿಂದ ಬಂದ ರುಚಿ

ಮೊದಲಿಗೆ ವಿಷದಂತೆ ತೋರಿ ಕಡೆಯಲ್ಲಿ ಅಮೃತವಾಗುವ ಸುಖವು ಸಾತ್ತ್ವಿಕವೆಂದೂ, ಇಂದ್ರಿಯವು ವಿಷಯದೊಡನೆ ಕೂಡಿದಾಗ ಹುಟ್ಟಿ, ಮೊದಲು ಅಮೃತದಂತಿದ್ದು ಪರಿಣಾಮದಲ್ಲಿ ವಿಷವಾಗುವುದು ರಾಜಸವೆಂದೂ ಗೀತೆಯ 18ನೆಯ ಅಧ್ಯಾಯದಲ್ಲಿ ಓದಿ, ತಲೆದೂಗಿ, ಮುಂದಿನ ಶ್ಲೋಕಕ್ಕೆ ಸಾಗುವುದು ನಮ್ಮ ವಾಡಿಕೆ. ಆದರೆ ವಿಸ್ಕಿಯ ರಸಿಕನೊಬ್ಬನು ನಡುವೆ ಎದ್ದು, "ಸ್ವಾಮೀ, ನನ್ನ ಸುಖವೂ ಮೊದಲಿಗೆ ವಿಷದಂತೆಯೇ ಇದ್ದಿತಲ್ಲ, ಇದನ್ನು ಯಾವ ಪಂಕ್ತಿಯಲ್ಲಿ ಕೂರಿಸುವಿರಿ?" ಎಂದು ಕೇಳಿದನಾದರೆ, ಅದನ್ನು ಕುಚೋದ್ಯವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು.

ಅವನ ಮಾತು ಸುಳ್ಳಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆಯ ಐಲಾ ದ್ವೀಪದಲ್ಲಿ, ಮೊಳೆತ ಬಾರ್ಲಿಯನ್ನು, ಜೌಗುನೆಲದಿಂದ ಅಗೆದು ಒಣಗಿಸಿದ ಪೀಟ್ ಎಂಬ ಸಸ್ಯಮಯವಾದ ಮಣ್ಣನ್ನು ಉರಿಸಿ, ಅದರ ಹೊಗೆಯಲ್ಲಿ ಆರಿಸುವ ಪದ್ಧತಿಯುಂಟು. ಆ ಹೊಗೆಯೊಡನೆ ಧಾನ್ಯವನ್ನು ಸೇರುವ ಫೀನಾಲುಗಳು ಹಿಂದಿನ ಆಸ್ಪತ್ರೆಗಳ ಕಾರ್ಬಾಲಿಕ್ ಆಮ್ಲದ ದಾಯಾದಿಗಳು. ಭಟ್ಟಿಯಿಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕಾನೂನಿನಂತೆ ಕನಿಷ್ಠ 3 ವರ್ಷ ಇರಿಸಿದ ಮೇಲೂ ಅವು ತಮ್ಮ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಮೊದಲ ಗುಟುಕಿಗೆ ಗಂಟಲು ಉರಿದು, ಮೂಗಿಗೆ ಔಷಧದ ಘಾಟು ಬಡಿದು, ಹಣ ಕೊಟ್ಟು ಇದನ್ನು ಕುಡಿಯುವವರೂ ಉಂಟೆ ಎಂದು ಮುಖ ಸಿಂಡರಿಸಿದವನೇ ಕಾಲಕ್ರಮದಲ್ಲಿ ಆ ಹೊಗೆಯನ್ನೇ ಅರಸಿಕೊಂಡು ಹೋಗುತ್ತಾನೆ. ಮದ್ಯದ ಹೆಸರೆತ್ತಿದರೆ ಮಡಿಗೆಡುವವರು ಹಾಗಲಕಾಯಿಯ ಗೊಜ್ಜನ್ನು ನೆನೆಯಬಹುದು. ಬಿಲ್ಲೆಗಳಿಗೆ ಉಪ್ಪು ಸವರಿ, ಹಿಂಡಿ, ಹುಣಿಸೆ ಬೆಲ್ಲಗಳಲ್ಲಿ ಕುದಿಸುವ ಗೃಹಿಣಿಯು ಕಹಿಯನ್ನು ಪಳಗಿಸುತ್ತಾಳೆಯೇ ಹೊರತು ಕಳೆಯುವುದಿಲ್ಲ. ಕಳೆಯುವುದೇ ಉದ್ದೇಶವಾಗಿದ್ದರೆ ಸಂತೆಯಿಂದ ಹಾಗಲವನ್ನೇ ಏಕೆ ತರಬೇಕಾಗಿತ್ತು?

ಪದಾರ್ಥವು ಇದ್ದಂತೆಯೇ ಇದೆ, ಬದಲಾದವನು ಭೋಕ್ತೃ. ಹಾಗಾದರೆ ಅವನಿಗೆ ಲಭಿಸಿದ್ದು ಜ್ಞಾನವೋ, ಭ್ರಮೆಯೋ? ಸ್ಕಾಟ್ಲೆಂಡಿನವನೇ ಆದ ಡೇವಿಡ್ ಹ್ಯೂಮನು 1757ರ ತನ್ನ ಪ್ರಬಂಧದಲ್ಲಿ 'ಡಾನ್ ಕ್ವಿಕ್ಸೋಟ್'ನಿಂದ ಒಂದು ಕಥೆಯನ್ನು ಎತ್ತಿಕೊಂಡಿದ್ದಾನೆ. ಒಂದೇ ಪೀಪಾಯಿಯ ದ್ರಾಕ್ಷಾಮದ್ಯವನ್ನು ಪರೀಕ್ಷಿಸಿದ ಇಬ್ಬರಲ್ಲಿ ಒಬ್ಬನು ತೊಗಲಿನ ವಾಸನೆಯಿದೆಯೆಂದೂ, ಇನ್ನೊಬ್ಬನು ಕಬ್ಬಿಣದ ರುಚಿಯಿದೆಯೆಂದೂ ಹೇಳಿ ನಗೆಗೀಡಾದರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ್ದ ಬೀಗದ ಕೈ ಸಿಕ್ಕಿತು. ಪಳಗಿದ ನಾಲಗೆಯು ಇಲ್ಲದ್ದನ್ನು ಕಲ್ಪಿಸುವುದಿಲ್ಲ, ಇದ್ದುದನ್ನು ಕಾಣುತ್ತದೆ ಎಂಬುದು ಅವನ ಆಶಯ. ಕಾವ್ಯಾಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯನೆಂದ ಅಭಿನವಗುಪ್ತನಿಗೂ ಇದು ಅಸಮ್ಮತವಾಗುತ್ತಿರಲಿಲ್ಲ.

ಇಷ್ಟನ್ನು ರಸಿಕನಿಗೆ ಧಾರಾಳವಾಗಿ ಬಿಟ್ಟುಕೊಡುತ್ತೇನೆ. ಆದರೆ ಗೀತೆಯು ಸಾತ್ತ್ವಿಕಸುಖಕ್ಕೆ ಮೊದಲ ಕಹಿಯೊಂದನ್ನೇ ಲಕ್ಷಣವಾಗಿ ಹೇಳಿ ಸುಮ್ಮನಾಗಿಲ್ಲ. ಅದು ಬುದ್ಧಿಯ ಪ್ರಸನ್ನತೆಯಿಂದ ಜನಿಸಬೇಕೆಂದು ಸೇರಿಸಿದೆ. ಗೊಜ್ಜು ಬುದ್ಧಿಯನ್ನು ಪ್ರಸನ್ನಗೊಳಿಸದಿದ್ದರೂ ಕದಡುವುದಿಲ್ಲ. ವಿಸ್ಕಿಯ ಸ್ಥಿತಿ ವಿಚಿತ್ರವಾದುದು: ಯಾವ ವಿವೇಚನೆಯಿಂದ ಅದರ ಹೊಗೆ, ಉಪ್ಪು, ಮಾಧುರ್ಯಗಳನ್ನು ಬಿಡಿಸಿ ಅರಿಯಬೇಕೋ ಆ ವಿವೇಚನೆಯನ್ನೇ ಅದು ಲೋಟ ಲೋಟಕ್ಕೂ ಮಂಕುಗೊಳಿಸುತ್ತ, ಆದಿಯಲ್ಲಿಯೂ ಅಂತ್ಯದಲ್ಲಿಯೂ ಮೋಹವನ್ನೇ ತರುವ ತಾಮಸದ ಕಡೆಗೆ ಮೆಲ್ಲನೆ ಜಾರುತ್ತದೆ. ಇದನ್ನು ಉಪದೇಶಕರಿಗಿಂತ ಆ ಕಸುಬಿನವರೇ ಚೆನ್ನಾಗಿ ಬಲ್ಲರು. ಬಗೆಬಗೆಯ ವಿಸ್ಕಿಗಳನ್ನು ಬೆರೆಸಿ ಹದಗೊಳಿಸುವ ಪ್ರವೀಣರು ಮದ್ಯಾಂಶವು ಶೇಕಡಾ 20ರ ಆಸುಪಾಸಿಗೆ ಇಳಿಯುವಂತೆ ನೀರು ಸೇರಿಸಿ, ಬಹುಮಟ್ಟಿಗೆ ಮೂಗಿನಿಂದಲೇ ಗುಣವನ್ನು ನಿರ್ಣಯಿಸುತ್ತಾರೆ. ಇದು ಪಾನನಿಷೇಧದ ವ್ರತವೇನಲ್ಲ, ಸಾಲಿನ ಕೊನೆಯ ಲೋಟದವರೆಗೂ ಮೂಗು ಚುರುಕಾಗಿರಬೇಕಲ್ಲ!