ಕ್ಲಚ್ ಮೇಲಿನ ಕಾಲು

ಹಳೆಯ ವಿಲ್ಲಿಸ್ ಜೀಪಿನ ಕ್ಲಚ್ ಸದ್ದು ಮಾಡಿದರೆ, ಎಲ್ಲಿ ಅನ್ನುವುದಕ್ಕಿಂತ ಯಾವಾಗ ಅಂತ ಕೇಳಬೇಕು. ಪೆಡಲ್ ಒತ್ತಿದಾಗ ಕಿರುಗುಟ್ಟಿದರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗ್. ಬಿಟ್ಟಾಗ ಮಾತ್ರ ಕೇಳಿದರೆ ಅನುಮಾನ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ಮಲ್ಕಾಜ್‌ಗಿರಿಯಲ್ಲಿ ಬೀದರ್ ಕಡೆಯ ಮೇಸ್ತ್ರಿಯೊಬ್ಬರು ರಿಲೀಸ್ ಬೇರಿಂಗ್ ಬದಲಿಸಿ, “ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಗಾಡಿ ಹೊಡಿಬ್ಯಾಡ್ರಿ, ಮತ್ತ ಸವದ ಹೋಗ್ತದ” ಅಂದರು.

ಹೊರನಾಡಿನ ನಮ್ಮ ಬದುಕೂ ಹಾಗೇ. 1956ರವರೆಗೆ ಬೀದರಿನವರಿಗೆ ಹೈದರಾಬಾದೇ ರಾಜಧಾನಿ, ಈಗ ಪರಊರು. ನಾಳೆ ಊರಿಗೆ ಹೋಗುವವರು ಅಂತ ಇಪ್ಪತ್ತು ವರ್ಷ ತೆಲುಗು ಕಲಿಯದೆ, ಓಣಿಯ ನೀರಿನ ತಕರಾರಿಗೂ ದನಿಗೂಡಿಸದೆ ಇದ್ದರೆ, ಅದು ಊರಿನ ಪ್ರೀತಿಯೇ? ಸವೆಯುವುದು ನೆರೆಯವರ ವಿಶ್ವಾಸ.

ಕ್ಲಚ್ ಬೇಡವೆಂದಲ್ಲ. ಗೇರ್ ಬದಲಿಸಲು ಪೂರ್ತಿ ಒತ್ತಲೇಬೇಕು. ಊರಿನ ಮದುವೆ, ಸಾವಿಗೆ ಹೋಗಲೇಬೇಕು. ಮರಳಿ ಬಂದ ಮೇಲೆ ಮಾತ್ರ ಕಾಲು ತೆಗೆಯಬೇಕು.