ಹಳತು ಎಂದರೆ ಹಾಳಲ್ಲ

2025ರ ಅಕ್ಟೋಬರ್ 14ರಂದು ಜಗತ್ತಿನ ಕೋಟ್ಯಂತರ ಕಂಪ್ಯೂಟರ್‌ಗಳು ಒಂದೇ ದಿನ ಹಳತಾದವು. ಅವುಗಳ ಪರದೆ ಒಡೆದಿರಲಿಲ್ಲ, ಕೀಲಿಮಣೆ ಸವೆದಿರಲಿಲ್ಲ. ಹಿಂದಿನ ರಾತ್ರಿ ಅರ್ಧಕ್ಕೆ ಬಿಟ್ಟ ಕೆಲಸ ಮರುದಿನ ಬೆಳಿಗ್ಗೆ ಬಿಟ್ಟಲ್ಲಿಂದಲೇ ತೆರೆದುಕೊಂಡಿತು. ಆದದ್ದು ಇಷ್ಟೇ: 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಮೊದಲೇ ಗೊತ್ತುಮಾಡಿದ್ದ ದಿನ ಅದು. ಬೇಕೆಂದು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ವಾಯಿದೆ ಸಿಕ್ಕಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 2017ರ ಆರಂಭದಲ್ಲಿ ಸಾಲ ಮಾಡಿ ಹೊಸದಾಗಿ ಕೊಂಡ ಲ್ಯಾಪ್‌ಟಾಪ್ ಎಂಟೇ ವರ್ಷಕ್ಕೆ ಈ ಸಾಲಿನಿಂದ ಹೊರಬಿತ್ತು.

‘ಹಳತು’ ಮತ್ತು ‘ಹಾಳು’ ಕಿವಿಗೆ ಹತ್ತಿರದ ಪದಗಳು, ಅರ್ಥದಲ್ಲಿ ದೂರದವು. ಹಳೆ ಅಕ್ಕಿ, ಹಳೆ ಹುಣಸೆಹಣ್ಣು, ಹಳೆ ಗೆಳೆತನ ಎನ್ನುವಾಗ ನಾವು ಹೊಗಳುತ್ತಿರುತ್ತೇವೆ. ಹಳತಾಗುವುದು ಕಾಲದ ಕೆಲಸ, ಹಾಳಾಗುವುದು ವಸ್ತುವಿನ ಪಾಡು. ಆದರೆ ಕಂಪ್ಯೂಟರಿನ ವಿಷಯದಲ್ಲಿ ಮೂರನೆಯದೊಂದಿದೆ: ಹಳತೆಂದು ಸಾರಿಸಿಕೊಳ್ಳುವುದು. ಇದು ಕಾಲದಿಂದಲೂ ಆದದ್ದಲ್ಲ, ವಸ್ತುವಿನಿಂದಲೂ ಆದದ್ದಲ್ಲ; ದೂರದಲ್ಲೆಲ್ಲೋ ಆದ ಒಂದು ತೀರ್ಮಾನ. ಹಾಗಾಗಿ ‘ಒಂದು ಕಂಪ್ಯೂಟರ್ ಎಷ್ಟು ವರ್ಷ ಉಪಯೋಗಕ್ಕೆ ಬರುತ್ತದೆ?’ ಎಂಬ ಪ್ರಶ್ನೆ ನೋಡಲು ತಾಂತ್ರಿಕವಾಗಿದ್ದರೂ ಅದರೊಳಗೆ ನೈತಿಕ ಪ್ರಶ್ನೆಯೊಂದು ಕೂತಿದೆ. ಒಂದು ವ್ಯವಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಯಾರು ಯಾರಿಗೆ ಏನು ಬಾಕಿ?

ಈ ಪ್ರಶ್ನೆ ನನಗೆ ಹತ್ತಿರವಾದದ್ದು ಗದಗ-ಬೆಟಗೇರಿಯ ಡಿಟಿಪಿ ಅಂಗಡಿಗಳಲ್ಲಿ. ಜಾತ್ರೆಯ ಸ್ಮರಣ ಸಂಚಿಕೆ, ಭಜನೆಪದಗಳ ಪುಸ್ತಿಕೆ, ಹಳ್ಳಿಯ ನಾಟಕದ ಪುಸ್ತಕ, ಮಠದ ಪುರಾಣ ಪ್ರವಚನದ ಕರಪತ್ರ ಇಂಥ ಸಣ್ಣ ಮುದ್ರಣಗಳು ನನ್ನ ಸಂಶೋಧನೆಯ ವಿಷಯ. ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಲಗ್ನಪತ್ರಿಕೆಯಿಂದ ಹಿಡಿದು ಅಭಿನಂದನ ಗ್ರಂಥದವರೆಗೆ ಅಚ್ಚು ಹಾಕಿಸಲು ಇಲ್ಲಿಗೆ ಬರುತ್ತಾರೆ. ಸೀಸದ ಮೊಳೆ ಜೋಡಿಸುತ್ತಿದ್ದ ಮನೆತನಗಳಲ್ಲಿ ಈಗ ಕಂಪ್ಯೂಟರ್ ಮುಂದೆ ಕೂತಿರುವುದು ಮಗ ಅಥವಾ ಮೊಮ್ಮಗಳು.

ನಾನು ಹೋದ ಹಲವು ಅಂಗಡಿಗಳಲ್ಲಿ ಒಂದು ನೋಟ ಸಾಮಾನ್ಯ. ಮುಂದಿನ ಮೇಜಿನ ಮೇಲೆ ಹೊಸ ಕಂಪ್ಯೂಟರ್. ಇಂಟರ್ನೆಟ್, ಆನ್‌ಲೈನ್ ಅರ್ಜಿ, ವಾಟ್ಸ್ಆಪ್‌ನಲ್ಲಿ ಬರುವ ಫೋಟೊ ಎಲ್ಲ ಅದರಲ್ಲಿ. ಹಿಂದಿನ ಮೂಲೆಯಲ್ಲಿ ಧೂಳು ಹಿಡಿಯದಂತೆ ಬಟ್ಟೆ ಹೊದಿಸಿಟ್ಟ ಇನ್ನೊಂದು. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7. ಎಕ್ಸ್‌ಪಿಯನ್ನು ಕಂಪನಿ ಕೈಬಿಟ್ಟಿದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ನ್ನು 2020ರ ಜನವರಿ 14ರಂದು. ಲೆಕ್ಕದ ಪ್ರಕಾರ ತೀರಿಹೋದ ಯಂತ್ರ ಇಂದಿಗೂ ದುಡಿದು ಹಾಕುತ್ತಿದೆ. ಇದನ್ನೇಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಕೇಳಿದಾಗ ಒಬ್ಬ ಹಿರಿಯರು ಹೇಳಿದರು: “ಇದು ಮುದುಕ ಆಗೈತಿ ಅಂತಾರ‍್ರಿ ಎಲ್ಲಾರೂ. ಆದ್ರ ನನ್ನ ಹಳೇ ಫೈಲ್ ಓದಾಕ ಬರೂದು ಈ ಮುದುಕಗ ಒಬ್ಬಗ.”

ಅವರ ಮಾತಿನ ಹಿಂದಿನ ತಾಂತ್ರಿಕ ಸಂಗತಿ ಹೀಗಿದೆ. 1985ರಲ್ಲಿ ಆಲ್ಡಸ್ ಕಂಪನಿ ತಂದ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ 1994ರಲ್ಲಿ ಅಡೋಬಿಯ ಪಾಲಾಯಿತು, 2001ರ 7.0 ಅದರ ಕೊನೆಯ ಆವೃತ್ತಿ. ಕನ್ನಡದ ಎಷ್ಟೋ ಪುಸ್ತಕಗಳ ಪುಟ ಕಟ್ಟಿದ್ದು ಇದರಲ್ಲೇ. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಬಾರದು. ಹಾಗಾಗಿ ಅದರೊಳಗೆ ಕನ್ನಡ ಬಂದದ್ದು ಒಂದು ಉಪಾಯದಿಂದ. ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದವು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಂಪ್ಯೂಟರ್ ತನ್ನೊಳಗೆ ಬರೆದಿಟ್ಟುಕೊಳ್ಳುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ ಇತ್ಯಾದಿ. ಆ ಫಾಂಟ್ ಇರುವವರೆಗೆ ಅದು ಕನ್ನಡ. ಫಾಂಟ್ ತೆಗೆದ ಮರುಕ್ಷಣ ಪರದೇಶದ ಚಿಹ್ನೆಗಳ ಗುಡ್ಡೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಜೊತೆಗೇ ತಂದಿತ್ತು. ದಾರಿ ತೆರೆದಿದ್ದರೂ ಅಚ್ಚುಕೂಟಗಳು ಹಳೆಯ ದಾರಿಯಲ್ಲೇ ನಡೆದವು. ಅದಕ್ಕೆ ಕಾರಣಗಳಿದ್ದವು: ಕೈಗೆ ಒಗ್ಗಿದ ತಂತ್ರಾಂಶ, ಗಿರಾಕಿ ಪೆನ್‌ಡ್ರೈವಿನಲ್ಲಿ ತರುತ್ತಿದ್ದ ನುಡಿ ಫೈಲು, ಹಳೆಯ ಫಾಂಟುಗಳ ಅಂದ, ನಾಳೆ ಬೆಳಿಗ್ಗೆಯೊಳಗೆ ಮುಗಿಯಬೇಕಾದ ಕೆಲಸ. ಯಾರೂ ಮೈಗಳ್ಳತನ ಮಾಡಲಿಲ್ಲ. ಆದರೂ ಇಪ್ಪತ್ತು ವರ್ಷಗಳ ಬರಹ ಒಂದು ಪೆಟ್ಟಿಗೆಯೊಳಗೆ ಸಿಕ್ಕಿಹಾಕಿಕೊಂಡಿತು.

ಹಾಗಾಗಿ ಮೂಲೆಯ ಆ ಯಂತ್ರವನ್ನು ನೋಡಿ ‘ಎಂಥ ಬಾಳಿಕೆ!’ ಎಂದು ಕೊಂಡಾಡುವ ಮೊದಲು ಒಂದು ಗಳಿಗೆ ನಿಲ್ಲಬೇಕು. ಅದು ಉಳಿದಿರುವುದು ಗಟ್ಟಿಯಾಗಿದೆ ಎಂಬುದಕ್ಕಷ್ಟೇ ಅಲ್ಲ, ಬಿಡಲಾಗದು ಎಂಬುದಕ್ಕೆ. ಬಾಳಿಕೆ ಬೇರೆ, ಸೆರೆ ಬೇರೆ.

ಬೆಟಗೇರಿಯ ಕೈಮಗ್ಗವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನಷ್ಟು ತಿಳಿಯುತ್ತದೆ. ಮಗ್ಗದ ಒಂದು ಭಾಗ ಮುರಿದರೆ ಊರಿನ ಬಡಿಗ ಅದನ್ನು ಮಾಡಿಕೊಡಬಲ್ಲ. ದುರಸ್ತಿಯ ವಿದ್ಯೆ ಇರುವುದು ಊರಿನಲ್ಲೇ, ಯಾರ ಅನುಮತಿಯೂ ಬೇಕಿಲ್ಲ. ಆದರೂ ಎಷ್ಟೋ ಮಗ್ಗಗಳು ನಿಂತುಹೋದವು. ಅವು ಮುರಿದದ್ದರಿಂದಲ್ಲ, ಪವರ್‌ಲೂಮಿನ ಬಟ್ಟೆ ಅಗ್ಗವಾಗಿ ಬಂದು ಪೇಟೆ ಅತ್ತ ತಿರುಗಿದ್ದರಿಂದ. ಅಂದರೆ ಉಪಯುಕ್ತತೆ ವಸ್ತುವಿನೊಳಗೆ ಬಚ್ಚಿಟ್ಟ ಗುಣವಲ್ಲ. ವಸ್ತು, ಅದನ್ನು ಬಳಸುವವರು, ಅದರ ಸುತ್ತಲಿನ ವ್ಯವಸ್ಥೆ ಇವುಗಳ ನಡುವಿನ ಒಪ್ಪಂದ ಅದು. ಮಗ್ಗಕ್ಕೂ ಕಂಪ್ಯೂಟರಿಗೂ ಒಂದು ವ್ಯತ್ಯಾಸವಿದೆ. ಮಗ್ಗ ನಿಂತರೂ ಅದರಲ್ಲಿ ನೇಯ್ದ ಸೀರೆಯನ್ನು ಉಡಬಹುದು. ಸೀಸದ ಮೊಳೆ ಕರಗಿಸಿದರೂ ಅದರಿಂದ ಅಚ್ಚಾದ ಪುಸ್ತಕವನ್ನು ಓದಬಹುದು. ಕಂಪ್ಯೂಟರಿನಲ್ಲಿ ಮಾತ್ರ ಉಪಕರಣ ಹೋದರೆ ಅದರಿಂದ ಮಾಡಿದ್ದೂ ಹೋಗುವ ಅಪಾಯವಿದೆ.

ಕಂಪನಿಗಳ ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ಯಾವ ಸಂಸ್ಥೆಯೂ ತನ್ನ ಪ್ರತಿಯೊಂದು ಹಳೆಯ ಉತ್ಪನ್ನವನ್ನು ಸದಾಕಾಲ ಸಲಹಲಾರದು. ಭದ್ರತೆಯ ಭಯವೂ ನಿಜವಾದದ್ದೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಅಪ್‌ಡೇಟ್ ಆಗದ ವಿಂಡೋಸ್ ಯಂತ್ರಗಳ ಮೂಲಕ ದೇಶದಿಂದ ದೇಶಕ್ಕೆ ಹಬ್ಬಿತು, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ನೆಟ್‌ಗೆ ಜೋಡಿಸಿದ ಹಳೆಯ ಯಂತ್ರ ನನ್ನೊಬ್ಬನ ಸ್ವಂತ ವಿಷಯವಲ್ಲ; ಬಾಗಿಲಿಲ್ಲದ ನನ್ನ ಮನೆಯಿಂದ ಕಳ್ಳ ಪಕ್ಕದ ಮನೆಗೂ ಹೋಗಬಲ್ಲ. ಮೂಲೆಯ ಯಂತ್ರಕ್ಕೆ ನೆಟ್ ಕೊಡದಿರುವ ಅಂಗಡಿಯವರಿಗೆ ಈ ವಿವೇಕವಿದೆ. ಆದರೆ ಅದೇ ವನ್ನಾಕ್ರೈ ದಿನಗಳಲ್ಲಿ ಮೈಕ್ರೋಸಾಫ್ಟ್, ಮೂರು ವರ್ಷ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ತುರ್ತು ಅಪ್‌ಡೇಟ್ ಕೊಟ್ಟಿತು. ‘ಇನ್ನು ಆಗದು’ ಎಂಬುದರಲ್ಲಿ ಎಷ್ಟು ಪಾಲು ಆಗದಿರುವುದು, ಎಷ್ಟು ಪಾಲು ಮಾಡದಿರುವುದು ಎಂದು ಕೇಳುವ ಹಕ್ಕನ್ನು ಅದು ನಮಗೆ ಕೊಟ್ಟಿದೆ.

ಹಾಗಾದರೆ ವ್ಯವಸ್ಥೆಯನ್ನೇ ಬದಲಿಸಿದರೆ? ವಿಂಡೋಸ್ 11 ಒಲ್ಲೆನೆಂದ ಎಷ್ಟೋ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ನಡೆಯುತ್ತವೆ. ಇದು ಪರಿಸರದ ಮಾತೂ ಹೌದು: ಲ್ಯಾಪ್‌ಟಾಪ್ ಒಂದರ ಒಟ್ಟು ಇಂಗಾಲದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿರುತ್ತದೆ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ಬಹುಕಾಲದಿಂದ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತದ ಕಥೆ ಬೇರೆ: 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷ ದುಡಿದು ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿ, 2017ರಲ್ಲಿ ವಿಂಡೋಸ್‌ಗೆ ಮರಳುವುದೆಂದು ನಿರ್ಧರಿಸಿತು. ಯಂತ್ರ ಬದಲಾಗಲು ಒಂದು ಮಧ್ಯಾಹ್ನ ಸಾಕು. ರೂಢಿ, ಫೈಲು, ಸುತ್ತಲಿನ ಕಚೇರಿಗಳ ಜೊತೆಗಿನ ವ್ಯವಹಾರ ಬದಲಾಗಲು ವರ್ಷಗಳು ಬೇಕು.

ಬೆರಳಿನ ರೂಢಿಯ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಆಧಾರದ ಮೇಲೆ ನಿಂತ ನುಡಿ ಕೀಲಿಮಣೆ ವಿಂಡೋಸ್‌ನಲ್ಲೂ ಇದೆ, ಲಿನಕ್ಸ್‌ನಲ್ಲೂ ಇದೆ. ಇಪ್ಪತ್ತು ವರ್ಷ ಅದರಲ್ಲಿ ಟೈಪಿಸಿದವರು ವ್ಯವಸ್ಥೆ ಬದಲಿಸಿದರೂ ಮತ್ತೆ ಅಆಇಈ ಕಲಿಯಬೇಕಿಲ್ಲ. ಎಲ್ಲರೂ ಒಪ್ಪಿದ, ಯಾರೊಬ್ಬರ ಸ್ವತ್ತೂ ಅಲ್ಲದ ಒಂದು ವಿನ್ಯಾಸ ಏನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಕೀಲಿಮಣೆಯಲ್ಲಿ ಆದದ್ದು ಫೈಲುಗಳಲ್ಲಿ ಆಗಲಿಲ್ಲ.

ಅದರಿಂದ ನಷ್ಟವಾದದ್ದು ಯಾರಿಗೆ? ಪುಸ್ತಕ ಅಚ್ಚಾಗಿದೆಯಲ್ಲ, ಫೈಲು ಹೋದರೇನು ಎಂದು ಕೇಳಬಹುದು. ಮರುಮುದ್ರಣ, ಹುಡುಕಾಟ, ನನ್ನಂಥ ಸಂಶೋಧಕರ ಅನುಕೂಲ ಇವೆಲ್ಲ ಇದ್ದದ್ದೇ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಗದಗ ಎಂದರೆ ವೀರೇಶ್ವರ ಪುಣ್ಯಾಶ್ರಮದ ಊರು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ಮೂಲಕ ಬದುಕು ಕಟ್ಟಿಕೊಟ್ಟ ಊರು. ಇಂದು ಅಂಧ ಓದುಗರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಪುಸ್ತಕ ಕೇಳಬಲ್ಲರು. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದಿ ಹೇಳುತ್ತದೆ. ಆದರೆ ಅದು ಓದುವುದು ಅಕ್ಷರದ ಆಕಾರವನ್ನಲ್ಲ, ಒಳಗಿನ ಸಂಕೇತವನ್ನು. ಯೂನಿಕೋಡ್ ಪಠ್ಯ ಕೊಟ್ಟರೆ ಕನ್ನಡ ಕೇಳುತ್ತದೆ. ಹಳೆಯ ನುಡಿಯ ಫೈಲು ಕೊಟ್ಟರೆ ‘ಪಿ’, ‘ಪೌಂಡ್’, ‘ಕ್ಯೂ’ ಎಂದು ಬಡಬಡಿಸುತ್ತದೆ. ಎರಡು ದಶಕ ನಾವು ಕಟ್ಟಿದ ಪುಟಗಳು ಕಣ್ಣಿಗೆ ಮಾತ್ರ ಕನ್ನಡ, ಕಿವಿಗೆ ಅಲ್ಲ. ಕಿವಿಯಿಂದಲೇ ವಿದ್ಯೆ ಕಲಿಸಿದ ಊರಿನಲ್ಲಿ ಹೀಗಾಗಿರುವುದು ಸಣ್ಣ ಮಾತಲ್ಲ.

ನಮ್ಮ ಕಾನೂನು ಇಲ್ಲಿ ಅರ್ಧ ದಾರಿ ಬಂದಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, ಹಳೆಯ ಯಂತ್ರದ ಮರುಬಳಕೆಗೆ ತಯಾರಕರೂ ಹೊಣೆ ಎನ್ನುತ್ತವೆ. ಅಂದರೆ ಮಾರಿದ ಮಾತ್ರಕ್ಕೆ ಋಣ ತೀರದು ಎಂಬ ತತ್ವವನ್ನು ಒಪ್ಪಿಕೊಂಡಂತಾಯಿತು. ಆದರೆ ಆ ಹೊಣೆ ಯಂತ್ರದ ದೇಹಕ್ಕಷ್ಟೇ, ತಾಮ್ರ, ಪ್ಲಾಸ್ಟಿಕ್, ಸೀಸಕ್ಕಷ್ಟೇ. ಅದರೊಳಗಿನ ಬರಹಕ್ಕೆ ಹೊಣೆ ಯಾರು?

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಉತ್ತರವಿದೆ. ಗದಗದ ಪಕ್ಕದ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ತಾಳೆಗರಿ ಶಾಶ್ವತವಲ್ಲವೆಂದು ಅಂದಿನವರಿಗೆ ಗೊತ್ತಿತ್ತು. ಗರಿಯನ್ನು ಉಳಿಸುವ ಹಟಕ್ಕಿಂತ ಪ್ರತಿ ಮಾಡುವ ಕೆಲಸವನ್ನು ಅವರು ನೆಚ್ಚಿದರು. ಲಕ್ಷ್ಮೇಶ್ವರವೆಂಬ ಅಂದಿನ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದ ಪಂಪ ಇಂದು ನಮಗೆ ಸಿಗುತ್ತಿರುವುದೂ ಗರಿಯಿಂದ ಗರಿಗೆ, ಕಾಗದಕ್ಕೆ, ಸೀಸದ ಮೊಳೆಗೆ ಯಾರೋ ಸಾಗಿಸುತ್ತ ಬಂದದ್ದರಿಂದ. ಪ್ರತಿ ಮಾಡುವುದು ಪುಕ್ಕಟೆಯ ಕೆಲಸವಲ್ಲ. ಅತ್ತಿಮಬ್ಬೆಯ ಹೆಚ್ಚುಗಾರಿಕೆ ಇರುವುದು ಆ ಖರ್ಚನ್ನು ತನ್ನದೆಂದು ಒಪ್ಪಿಕೊಂಡದ್ದರಲ್ಲಿ.

ಆದ್ದರಿಂದ ನನ್ನ ವಾದ ಇಷ್ಟು. ಕಂಪ್ಯೂಟರ್ ಎಷ್ಟು ವರ್ಷ ಬಾಳಬೇಕು ಎಂಬುದಕ್ಕೆ ಒಂದು ಸಂಖ್ಯೆಯ ಉತ್ತರವಿಲ್ಲ. ಆದರೆ ಬಿಡುವವರ ಮೇಲೆ ಒಂದು ಹೊಣೆಯಿದೆ: ಬಿಡುವ ಮೊದಲು ದಾಟಿಸಬೇಕು. ತಯಾರಕರು ಕೈಬಿಡುವುದಾದರೆ, ಅವರ ನಮೂನೆಯ ಫೈಲನ್ನು ಬೇರೆಯವರು ಓದಲು ಬೇಕಾದ ವಿವರವನ್ನು ತೆರೆದಿಡಲಿ. ಪುಸ್ತಕ ಮಾಡಿಸುವ ಮಠ, ವಿಶ್ವವಿದ್ಯಾಲಯ, ಇಲಾಖೆಗಳು ಅಚ್ಚಾದ ಪ್ರತಿಗಳ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಲಿ, ಅದರ ಕೂಲಿಯನ್ನೂ ಕೊಡಲಿ. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲುಸಾಲಾಗಿ ನೋಡಿ ತಿದ್ದುವ ಕಣ್ಣು ಮತ್ತು ತಾಳ್ಮೆ ಬೇಕು. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದಕ್ಕಿಂತ ಹತ್ತಿರದ ಕೆಲಸ ಬೇರಾವುದಿದೆ? ಹಸ್ತಪ್ರತಿ ಪರಿಷ್ಕರಣವನ್ನು ವಿದ್ವತ್ತೆಂದು ಗೌರವಿಸುವ ನಾವು ಇದನ್ನು ಗುಮಾಸ್ತರ ಕೆಲಸವೆಂದು ಬದಿಗೆ ಸರಿಸಬಾರದು.

ಅಂಗಡಿಯ ಮೂಲೆಯ ಯಂತ್ರ, ತನ್ನೊಳಗಿನ ಕೊನೆಯ ಫೈಲು ದಾಟುವವರೆಗೂ ಉಪಯುಕ್ತವೇ. ಆಮೇಲೆ ಅದನ್ನು ಇ-ತ್ಯಾಜ್ಯದವರಿಗೆ ಕೊಟ್ಟರೆ ಯಾರೂ ಏನೂ ಕಳೆದುಕೊಳ್ಳುವುದಿಲ್ಲ.