ಕಾಣದ ಬೆಳಕಿಗೆ ಬಣ್ಣ ಕೊಡುವುದು ಸುಳ್ಳೆ?

ಆಕಾಶದ ಚಿತ್ರಗಳು ಇಂದು ಹಳ್ಳಿಯ ಶಾಲೆಗಳಿಗೂ ಬಂದು ತಲಪಿವೆ. 2022ರ ಜುಲೈ ತಿಂಗಳಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಪ್ರಕಟವಾದವು. ಅವುಗಳಲ್ಲೊಂದು ಕರೀನಾ ನೀಹಾರಿಕೆಯದು: ಕೆಳಗೆ ಕಂದು ಬೆಟ್ಟಸಾಲು, ಮೇಲೆ ನೀಲಿಯ ಬಾನು, ನಡುವೆ ಈಗತಾನೆ ಹುಟ್ಟುತ್ತಿರುವ ನಕ್ಷತ್ರಗಳು. ನೋಡಿದವರು ಬೆರಗಾಗದಿರರು. ಆದರೆ ಯಂತ್ರವು ಹಿಡಿದದ್ದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಕಂದು, ನೀಲಿಗಳು ಮನುಷ್ಯನು ಕೊಟ್ಟವು. ಹಾಗಿರುವಾಗ ಆ ಚಿತ್ರವನ್ನು ತರಗತಿಯಲ್ಲಿ ಎತ್ತಿ ಹಿಡಿದು “ನೋಡಿ, ನಕ್ಷತ್ರಗಳು ಹುಟ್ಟುವ ತಾಣ” ಎನ್ನುವ ಉಪಾಧ್ಯಾಯನು ನಿಜವನ್ನಾಡಿದನೆ, ಸುಳ್ಳನ್ನಾಡಿದನೆ? ಮಕ್ಕಳು ನಮ್ಮ ಮಾತನ್ನು ನಂಬುವವರು. ಆದುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಅವಕೆಂಪು ಕಿರಣವೆಂದರೇನೆಂಬುದನ್ನು ನಮ್ಮ ದೇವನಕೊಂಡದ ಸೀಮೆಯ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ಬೇಸಗೆಯಲ್ಲಿ ಹೊತ್ತು ಮುಳುಗಿದ ಮೇಲೆ ಕಲ್ಲುಗೋಡೆಯ ಹತ್ತಿರ ಅಂಗೈ ಹಿಡಿದರೆ, ಮುಟ್ಟದೆಯೇ ಕಾವು ತಿಳಿಯುತ್ತದೆ. ಕಣ್ಣು ಅರಿಯದುದನ್ನು ಚರ್ಮ ಅರಿಯಿತು. 1800ರಲ್ಲಿ ವಿಲಿಯಂ ಹರ್ಷೆಲನು ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದೆಡೆಯಲ್ಲಿ ಉಷ್ಣಮಾಪಕವನ್ನಿಟ್ಟಾಗ ಪಾದರಸ ಏರಿತು. ಕಂಡದ್ದೇ ಲೋಕವೆಂಬ ಹಮ್ಮು ಅಂದೇ ಮುರಿಯಬೇಕಾಗಿತ್ತು.

ಈ ಕಿರಣಗಳಿಂದ ತಿಳಿದುಬಂದ ಸಂಗತಿಗಳು ಸಾಮಾನ್ಯವಲ್ಲ. ನಕ್ಷತ್ರಗಳು ಜನಿಸುವುದು ತಣ್ಣಗಿನ ಅನಿಲ ಮತ್ತು ಧೂಳಿನ ಮೋಡಗಳ ಒಡಲಿನಲ್ಲಿ. ನವಜಾತ ನಕ್ಷತ್ರದ ಬೆಳಕನ್ನು ಧೂಳು ನುಂಗಿ, ತಾನು ಬೆಚ್ಚಗಾಗಿ, ಅದನ್ನೇ ಅವಕೆಂಪಾಗಿ ಹೊರಸೂಸುತ್ತದೆ. ಅವಕೆಂಪಿನ ಉದ್ದನೆಯ ಅಲೆಗಳು ಧೂಳಿನ ನಡುವೆ ಸುಲಭವಾಗಿ ನುಸುಳಿ ಬರುತ್ತವೆ. ವಿಶ್ವದಲ್ಲಿ ನಕ್ಷತ್ರಗಳು ಈವರೆಗೆ ಚೆಲ್ಲಿದ ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಹೀಗೆ ಧೂಳಿನ ಕೈ ಹಾದು ಬಂದದ್ದೆಂದು ಲೆಕ್ಕ. ಅದನ್ನು ಬಿಟ್ಟು ಗೆಲಾಕ್ಸಿಗಳ ಚರಿತ್ರೆ ಬರೆದರೆ ಅರ್ಧ ಚರಿತ್ರೆಯಾದೀತು. ಎರಡನ್ನೂ ಕೂಡಿಸಿ ನೋಡಿದಾಗ ನಕ್ಷತ್ರಗಳ ಜನನವು ಸುಮಾರು 1000 ಕೋಟಿ ವರ್ಷಗಳ ಹಿಂದೆ ಅತ್ಯಧಿಕವಾಗಿದ್ದು, ಅಲ್ಲಿಂದೀಚೆಗೆ ಇಳಿಮುಖವಾಗಿದೆಯೆಂದು ಕಂಡುಬಂದಿದೆ. ಇನ್ನೂ ದೂರದ ಗೆಲಾಕ್ಸಿಗಳ ಬೆಳಕು, ವಿಶ್ವವು ಹಿಗ್ಗುತ್ತಿರುವುದರಿಂದ, ದಾರಿಯಲ್ಲೇ ಉದ್ದವಾಗಿ ಎಳೆಯಲ್ಪಟ್ಟು ಅವಕೆಂಪಾಗಿಯೇ ನಮ್ಮನ್ನು ಮುಟ್ಟುತ್ತದೆ. 2024ರಲ್ಲಿ ವರದಿಯಾದ ಒಂದು ಗೆಲಾಕ್ಸಿಯ ಬೆಳಕು, ವಿಶ್ವಕ್ಕೆ ಇನ್ನೂ 30 ಕೋಟಿ ವರ್ಷ ತುಂಬದಿದ್ದಾಗ ಹೊರಟದ್ದು.

ಗಾಳಿಯಲ್ಲಿರುವ ನೀರಾವಿ ಈ ಕಿರಣಗಳಲ್ಲಿ ಬಹುಭಾಗವನ್ನು ತಡೆಯುವುದರಿಂದ ದೂರದರ್ಶಕವು ಎತ್ತರಕ್ಕೆ ಹೋಗಬೇಕು. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1 ಮೀಟರ್ ವ್ಯಾಸದ ದೂರದರ್ಶಕವನ್ನು ಬಲೂನಿನಲ್ಲಿ ಸುಮಾರು 30 ಕಿಲೋಮೀಟರ್ ಮೇಲಕ್ಕೆ ಕಳುಹಿಸಿ ನಕ್ಷತ್ರಗಳು ಹುಟ್ಟುವ ಮೋಡಗಳನ್ನು ಅಳೆದಿದ್ದಾರೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಭಾರತೀಯ ತಾರಾಭೌತ ಸಂಸ್ಥೆಯ 2 ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅವರಿಗೆ ದೊರೆಯುವುದು ಅಂಕೆಗಳು. “ನೋಡಿದರು” ಎಂಬ ಮಾತು ಇಲ್ಲಿ ಎಷ್ಟು ದೂರ ಬಂದುಬಿಟ್ಟಿದೆ!

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆದವಾನಿಯ ಸುತ್ತಲಿನ ನಮಗೆ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಕಚೇರಿಯಿಂದ ಬಂದ ತೆಲುಗು ಕಾಗದವನ್ನು ನಮ್ಮ ಹುಡುಗನೊಬ್ಬನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದರೆ ಅವನನ್ನು ಯಾರಾದರೂ ಸುಳ್ಳನೆಂದಾರೆ? ಆ ಕಾಗದದಲ್ಲಿ ಒಂದಾದರೂ ಕನ್ನಡ ಪದವಿಲ್ಲ; ಆದರೂ ವಿಷಯ ಕಾಗದದ್ದೇ. ಆದರೆ ಹಣದ ಮೊತ್ತವನ್ನಾಗಲಿ, ಗಡುವಿನ ದಿನವನ್ನಾಗಲಿ ಬದಲಿಸಲು ಅವನಿಗೆ ಅಧಿಕಾರವಿಲ್ಲ. ಚಿತ್ರದ ಬಣ್ಣಗಳಿಗೂ ಇಂತಹದೇ ಕಟ್ಟಳೆಯಿದೆ: ಉದ್ದನೆಯ ಅಲೆಗೆ ಕೆಂಪು, ಗಿಡ್ಡನೆಯ ಅಲೆಗೆ ನೀಲಿ. ಹೊಳಪನ್ನು ಅಂದಕ್ಕಾಗಿ ಒಂದಿಷ್ಟು ತಿದ್ದುವುದೂ ಉಂಟು. ಅದನ್ನು ಮರೆಮಾಚುವುದು ನಮಗೆ ಸರಿತೋರದು.

ಇದು ಭಾಷಾಂತರವೆಂದು ಹೇಳಿ ತೋರಿಸಿದರೆ ಚಿತ್ರವು ನಿಜ, ಹೇಳದೆ ತೋರಿಸಿದರೆ ವಂಚನೆಗೆ ಹತ್ತಿರ, ಎಂಬುದು ನಮ್ಮ ಅಭಿಪ್ರಾಯ. ಮಗುವಿನ ಉತ್ಸಾಹ ಕುಗ್ಗೀತೆಂದು ಕೆಲವರು ಅಂಜುವರು. “ಗುರುಗಳೇ, ಅಲ್ಲಿಗೆ ಹೋಗಿ ನಿಂತರೆ ಹೀಗೆಯೇ ಕಾಣುವುದೆ?” ಎಂದು ಹುಡುಗಿಯೊಬ್ಬಳು ಕೇಳಿದರೆ “ಇಲ್ಲಮ್ಮ, ಬಹುಮಟ್ಟಿಗೆ ಕತ್ತಲೆ, ಅಲ್ಲಲ್ಲಿ ಮಂಕು ಬೆಳಕು” ಎನ್ನಬೇಕಾಗುತ್ತದೆ. ಅವಳು ಅಷ್ಟಕ್ಕೆ ಬಿಡುವಳೆ? ಕತ್ತಲೆಯಲ್ಲಿ ನಕ್ಷತ್ರವಿರುವುದು ಹೇಗೆ ತಿಳಿಯಿತೆಂದು ಕೇಳಿಯೇ ಕೇಳುವಳು. ಅಲ್ಲಿಂದ ಪಾಠ ಶುರು.